ಎಂಜಿನಿಯರಿಂಗ್ ಮೊದಲ ಸೆಮಿಸ್ಟರ್: ಗ್ರೇಡ್ ಜಾರದಂತೆ ಓದುವುದು ಹೇಗೆ?

ಪಿಯುಸಿಯಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದ ಮಕ್ಕಳು ಎಂಜಿನಿಯರಿಂಗ್‌ನ ಮೊದಲ ಸೆಮಿಸ್ಟರ್‌ನಲ್ಲೇ ಗಣಿತದಲ್ಲಿ ಫೇಲಾಗಿ ಕಂಗಾಲಾಗುವುದನ್ನು ಪ್ರತಿ ವರ್ಷ ನೋಡುತ್ತೇವೆ. ಹೆಚ್ಚಿನವರು ಎಡವುವುದು ಒಂದೇ ಕಡೆ. ಕೊನೆಯ ಪರೀಕ್ಷೆಗೆ ಕೂತು ಓದಿದರಾಯಿತು ಎಂದು ಕಾಯುತ್ತಾರೆ. ಅಷ್ಟರಲ್ಲಿ ಅರ್ಧದಷ್ಟು ಅಂಕ ಆಗಲೇ ತೀರ್ಮಾನವಾಗಿರುತ್ತದೆ. ಇಲ್ಲಿ ಕೊಟ್ಟಿರುವ ಲೆಕ್ಕ ವಿಟಿಯುನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ) 2022ರ ಸ್ಕೀಮ್‌ನದು, ಅಂದರೆ ವಿಷಯ ಮತ್ತು ಅಂಕಗಳ ಯೋಜನೆಯದು. ಸ್ವಾಯತ್ತ ಕಾಲೇಜುಗಳಲ್ಲಿ, ಹೊಸ ಸ್ಕೀಮ್‌ಗಳಲ್ಲಿ ಅಂಕಗಳ ಹಂಚಿಕೆ ಬೇರೆ ಇರಬಹುದು. ಓದುವ ಕ್ರಮ ಎಲ್ಲ ಕಡೆಗೂ ಒಂದೇ.

ಹಂತ 1: ಸ್ಕೀಮ್ ಓದಿ

ಸೇರಿದ ವಾರವೇ ನಿಮ್ಮ ಬ್ಯಾಚಿನ ಸ್ಕೀಮ್ ಮತ್ತು ಸಿಲಬಸ್ ಡೌನ್‌ಲೋಡ್ ಮಾಡಿ, ಪ್ರತಿ ವಿಷಯದ ಮುಂದೆ ಅದರ ಕ್ರೆಡಿಟ್ (ಒಟ್ಟು ಲೆಕ್ಕದಲ್ಲಿ ಆ ವಿಷಯಕ್ಕಿರುವ ತೂಕ) ಬರೆದುಕೊಳ್ಳಿ. ವಿಷಯದ ಗ್ರೇಡ್‌ಗೆ ಹತ್ತರೊಳಗೆ ಸಿಗುವ ಗ್ರೇಡ್ ಪಾಯಿಂಟನ್ನು ಕ್ರೆಡಿಟ್‌ನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಸಿಗುವುದೇ ಎಸ್‌ಜಿಪಿಎ, ಅಂದರೆ ಆ ಸೆಮಿಸ್ಟರ್‌ನ ಸರಾಸರಿ. ಒಟ್ಟು 20 ಕ್ರೆಡಿಟ್ ಇರುವ ಸೆಮಿಸ್ಟರ್‌ನಲ್ಲಿ 4 ಕ್ರೆಡಿಟ್‌ನ ಗಣಿತ 9 ಪಾಯಿಂಟಿನಿಂದ 7ಕ್ಕೆ ಇಳಿದರೆ ಎಸ್‌ಜಿಪಿಎಯಲ್ಲಿ 0.4 ಹೋಯಿತು. ಒಂದು ಕ್ರೆಡಿಟ್‌ನ ವಿಷಯದಲ್ಲಿ ಅಷ್ಟೇ ಇಳಿದರೆ ಹೋಗುವುದು 0.1. ಹಾಗೆಂದು ಕನ್ನಡ, ಸಂವಿಧಾನದಂಥ ಒಂದು ಕ್ರೆಡಿಟ್‌ನ ವಿಷಯಗಳನ್ನು ಕಡೆಗಣಿಸಬೇಡಿ. ಅತಿ ಕಡಿಮೆ ಶ್ರಮಕ್ಕೆ 9, 10 ಪಾಯಿಂಟ್ ಸಿಗುವುದು ಅಲ್ಲೇ.

ಹಂತ 2: ಇಂಟರ್ನಲ್ಸ್ ಬಿಟ್ಟುಕೊಡಬೇಡಿ

ಆಂತರಿಕ ಮೌಲ್ಯಮಾಪನಕ್ಕೆ 50, ಸೆಮಿಸ್ಟರ್ ಪರೀಕ್ಷೆಗೆ 50. ಗಣಿತದಂಥ ಮುಖ್ಯ ವಿಷಯಗಳಲ್ಲಿ ಸೆಮಿಸ್ಟರ್ ಪತ್ರಿಕೆ ಇರುವುದು 100 ಅಂಕಕ್ಕೆ, ಆಮೇಲೆ ಅದನ್ನು 50ಕ್ಕೆ ಇಳಿಸುತ್ತಾರೆ. ಅಂದರೆ ಇಂಟರ್ನಲ್ಸ್‌ನ ಒಂದು ಅಂಕ ಪರೀಕ್ಷೆಯ ಎರಡು ಅಂಕಕ್ಕೆ ಸಮ. 9 ಪಾಯಿಂಟಿನ ಎ ಪ್ಲಸ್ ಗ್ರೇಡ್‌ಗೆ ಒಟ್ಟು 80 ಬೇಕು. ಇಂಟರ್ನಲ್ಸ್‌ನಲ್ಲಿ 45 ಇದ್ದವರಿಗೆ ಪತ್ರಿಕೆಯಲ್ಲಿ 70 ಸಾಕು; 35 ಇದ್ದವರು 90 ತೆಗೆಯಬೇಕು. ಮೊದಲ ಟೆಸ್ಟ್ ಹಾಳಾದರೂ ಪರವಾಗಿಲ್ಲ, ಕೊನೆಗೆ ನೋಡಿಕೊಳ್ಳೋಣ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಕೂತು ಬರೆದು ನೋಡಬೇಕು. ಇಂಟರ್ನಲ್ಸ್‌ನಲ್ಲಿ 20 ಬಾರದಿದ್ದರೆ ಆ ವಿಷಯದ ಸೆಮಿಸ್ಟರ್ ಪರೀಕ್ಷೆಗೇ ಕೂರಿಸುವುದಿಲ್ಲ.

ಲ್ಯಾಬ್ ಇರುವ ವಿಷಯಗಳಲ್ಲಿ ರೆಕಾರ್ಡ್‌ಗೂ ಅಂಕವಿದೆ. ಪ್ರಯೋಗ ಮಾಡಿದ ವಾರವೇ ರೆಕಾರ್ಡ್ ಬರೆದು ಸಹಿ ಹಾಕಿಸಿಕೊಳ್ಳಿ. ಕೊನೆಯ ವಾರ ಗೆಳೆಯನ ರೆಕಾರ್ಡ್ ನೋಡಿ ಹತ್ತನ್ನೂ ಒಟ್ಟಿಗೆ ಇಳಿಸಿದವರು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ತಮ್ಮದೇ ಗ್ರಾಫಿನ ಸ್ಲೋಪ್ ಏನು ಹೇಳುತ್ತದೆ ಎಂಬ ಪ್ರಶ್ನೆಗೆ ನಿರುತ್ತರರಾಗುತ್ತಾರೆ.

ಹಂತ 3: ಹಾಜರಿ

ಪ್ರತಿ ವಿಷಯಕ್ಕೂ ಶೇ 85 ಬೇಕು. 50 ತರಗತಿ ನಡೆದರೆ ತಪ್ಪಿಸಬಹುದಾದದ್ದು 7 ಮಾತ್ರ. ಆ ಏಳನ್ನು ಜ್ವರಕ್ಕೆ, ಊರಿನ ಕೆಲಸಕ್ಕೆ ಉಳಿಸಿಕೊಳ್ಳಿ.

ಹಂತ 4: ಅದೇ ದಿನ, ಖಾಲಿ ಹಾಳೆಯ ಮೇಲೆ

ಅನೇಕ ಮಕ್ಕಳು ಸೋಲುವುದು ಇಲ್ಲಿ. ಅವರು ಓದುವುದೇ ಇಲ್ಲ ಎಂದೇನಿಲ್ಲ. ನೋಟ್ಸ್ ತೆರೆದು, ಮೇಷ್ಟ್ರು ಬಿಡಿಸಿದ ಲೆಕ್ಕದ ಮೇಲೆ ಕಣ್ಣಾಡಿಸಿ, ಅರ್ಥವಾಯಿತು ಎಂದು ಪುಟ ತಿರುವುತ್ತಾರೆ. ಬೇರೆಯವರು ಬಿಡಿಸಿದ ಲೆಕ್ಕದ ಪ್ರತಿ ಸಾಲೂ ಓದುವಾಗ ಸರಿಯಾಗಿಯೇ ಕಾಣುತ್ತದೆ. ಮುಂದಿನ ಸಾಲು ಏನಿರಬೇಕು ಎಂದು ತಾನೇ ಹೊಳೆಯಿಸಿಕೊಳ್ಳುವ ಅಭ್ಯಾಸ ಮಾತ್ರ ಅದರಿಂದ ಬರುವುದಿಲ್ಲ.

ಗಣಿತದ ಪೋಲಾರ್ ಕರ್ವ್ಸ್ ತೆಗೆದುಕೊಳ್ಳಿ. ಆರ್ = ಎ(1 + ಕಾಸ್ ಥೀಟಾ) ಎಂಬ ಕಾರ್ಡಿಯಾಯ್ಡ್‌ನಲ್ಲಿ ತ್ರಿಜ್ಯ ಸದಿಶಕ್ಕೂ ಸ್ಪರ್ಶಕಕ್ಕೂ ನಡುವಿನ ಕೋನ ಫೈ ಕಂಡುಹಿಡಿಯಬೇಕು. ಎರಡೂ ಕಡೆ ಲಾಗ್ ತೆಗೆದು ಡಿಫರೆನ್ಷಿಯೇಟ್ ಮಾಡುವವರೆಗೆ ಎಲ್ಲರೂ ಬರುತ್ತಾರೆ. ಎಡಗಡೆ ಕಾಟ್ ಫೈ. ಬಲಗಡೆ ಮೈನಸ್ ಸೈನ್ ಥೀಟಾ ಮೇಲೆ, 1 + ಕಾಸ್ ಥೀಟಾ ಕೆಳಗೆ. ಅರ್ಧಕೋನದ ಸೂತ್ರ ಹಾಕಿದರೆ ಅದು ಮೈನಸ್ ಟ್ಯಾನ್ ಥೀಟಾ/2 ಆಗುತ್ತದೆ. ಪೆನ್ನು ನಿಲ್ಲುವುದು ಈ ಸಾಲಿನಲ್ಲಿ. ಮೈನಸ್ ಟ್ಯಾನ್ ಅನ್ನು ಕಾಟ್ (90 ಡಿಗ್ರಿ + ಥೀಟಾ/2) ಎಂದು ಬರೆದರೆ ಮಾತ್ರ ಎರಡೂ ಕಡೆ ಕಾಟ್ ಬಂದು ಫೈ ಸಿಗುತ್ತದೆ. ನೋಟ್ಸ್ ಓದುವಾಗ ಸಲೀಸಾಗಿ ದಾಟಿಹೋದ ಈ ಸಾಲೇ ಟೆಸ್ಟ್‌ನಲ್ಲಿ ಕೈಕೊಡುವುದು.

ಆದ್ದರಿಂದ ಹೀಗೆ ಮಾಡಿ. ತರಗತಿ ನಡೆದ ದಿನ ಸಂಜೆಯೇ ಲೆಕ್ಕದ ಪ್ರಶ್ನೆಯನ್ನಷ್ಟೇ ಖಾಲಿ ಹಾಳೆಗೆ ಇಳಿಸಿ, ನೋಟ್ಸ್ ಮುಚ್ಚಿಡಿ. ಬಿಡಿಸುತ್ತಾ ಹೋಗಿ. ಸಿಕ್ಕಿಕೊಂಡರೆ ಐದು ನಿಮಿಷ ಒದ್ದಾಡಿ; ಆ ಒದ್ದಾಟ ವ್ಯರ್ಥವಲ್ಲ. ಆಗಲೂ ಆಗದಿದ್ದರೆ ಅಲ್ಲೊಂದು ಕೆಂಪು ಗೆರೆ ಎಳೆದು, ನೋಟ್ಸ್‌ನಲ್ಲಿ ಆ ಒಂದು ಸಾಲು ಮಾತ್ರ ನೋಡಿ, ಮತ್ತೆ ಮುಚ್ಚಿ, ಲೆಕ್ಕವನ್ನು ಮೊದಲಿನಿಂದ ಬರೆಯಿರಿ. ನಿಂತ ಜಾಗದಿಂದ ಮುಂದುವರಿಸಬೇಡಿ. ಎರಡು ದಿನ ಬಿಟ್ಟು ಅದೇ ಲೆಕ್ಕ ಇನ್ನೊಮ್ಮೆ, ಜೊತೆಗೆ ಅದೇ ಜಾತಿಯ ಹೊಸದೊಂದು. ಮೇಲಿನ ಲೆಕ್ಕವಾದರೆ 1 − ಕಾಸ್ ಥೀಟಾ ಇರುವ ಕರ್ವ್ ತೆಗೆದುಕೊಳ್ಳಿ. ಅಲ್ಲಿ ಫೈ ನೇರವಾಗಿ ಥೀಟಾ/2 ಬರುತ್ತದೆ, ಎರಡು ಫೈಗಳ ವ್ಯತ್ಯಾಸ 90 ಡಿಗ್ರಿ ಆಗುವುದರಿಂದ ಈ ಎರಡು ಕರ್ವ್‌ಗಳು ಲಂಬವಾಗಿ ಛೇದಿಸುತ್ತವೆ ಎಂಬ ಇನ್ನೊಂದು ಲೆಕ್ಕವೂ ಮುಗಿಯುತ್ತದೆ.

ಕೆಂಪು ಗೆರೆ ಬಿದ್ದ ಸಾಲುಗಳನ್ನೆಲ್ಲ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡಿ. ಟೆಸ್ಟ್‌ನ ಹಿಂದಿನ ರಾತ್ರಿ ಓದಬೇಕಾದದ್ದು ಅದೊಂದನ್ನೇ. ದಿನಕ್ಕೆ ನಲವತ್ತೈದು ನಿಮಿಷ, ನಾಲ್ಕು ಲೆಕ್ಕ ಸಾಕು. ಭಾನುವಾರ ಒಂದೇ ದಿನ ಮೂವತ್ತು ಲೆಕ್ಕ ಮಾಡುತ್ತೇನೆಂದು ಹೊರಟವರಲ್ಲಿ ಎರಡನೇ ವಾರ ದಾಟುವವರು ಅಪರೂಪ.

ಸಿ ಪ್ರೋಗ್ರಾಮಿಂಗ್‌ಗೂ ಇದೇ ಕ್ರಮ. ಕಂಪ್ಯೂಟರ್‌ನಲ್ಲಿ ರನ್ ಆದರೆ ಸಾಲದು, ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಕೈಯಲ್ಲಿ. ಲೂಪ್ ಇರುವ ಪ್ರೋಗ್ರಾಂ ಬರೆದು, ಪ್ರತಿ ಸುತ್ತಿನಲ್ಲಿ ಯಾವ ವೇರಿಯಬಲ್‌ನ ಬೆಲೆ ಎಷ್ಟಾಯಿತು ಎಂದು ಕೋಷ್ಟಕ ಹಾಕಿ. ಅಸೈನ್‌ಮೆಂಟನ್ನು ಎಐ ಕೈಯಲ್ಲಿ ಬರೆಸಿ ಸಲ್ಲಿಸಿದರೆ ಅಂಕ ಬರಬಹುದು. ಅದೇ ಪ್ರಶ್ನೆ ಟೆಸ್ಟ್‌ನಲ್ಲಿ ಬಂದಾಗ ಕೈ ಓಡುವುದಿಲ್ಲ. ನೀವೇ ಬರೆದ ಮೇಲೆ ತಪ್ಪು ಎಲ್ಲಿದೆ ಎಂದು ಅದನ್ನು ಕೇಳಿ, ಆಗ ಉಪಯೋಗವಿದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ವಿಷಯವನ್ನು ಕನ್ನಡದಲ್ಲೇ ಅರ್ಥ ಮಾಡಿಕೊಳ್ಳಿ, ಗೆಳೆಯರಿಗೆ ಕನ್ನಡದಲ್ಲೇ ವಿವರಿಸಿ. ಪಾರಿಭಾಷಿಕ ಪದಗಳನ್ನು ಮಾತ್ರ ಇಂಗ್ಲಿಷ್‌ನಲ್ಲೇ ಇಟ್ಟುಕೊಂಡು, ವ್ಯಾಖ್ಯೆಗಳನ್ನು ಎರಡೆರಡು ಸಾಲಿನ ಸರಳ ಇಂಗ್ಲಿಷ್‌ನಲ್ಲಿ ಬರೆದು ಅಭ್ಯಾಸ ಮಾಡಿ. ಮೊದಲ ತಿಂಗಳು ಪಾಠ ವೇಗವಾಗಿ ಹೋಗುತ್ತಿದೆ ಅನ್ನಿಸಿದರೆ, ಹಿಂದಿನ ರಾತ್ರಿ ಆ ಭಾಗವನ್ನು ಹತ್ತು ನಿಮಿಷ ನೋಡಿ ಹೋಗಿ.

ಹಂತ 5: ಹಳೆಯ ಪ್ರಶ್ನೆಪತ್ರಿಕೆ

ಪಾಸಿಂಗ್ ಪ್ಯಾಕೇಜ್ ಎಂಬ ಹೆಸರಿನಲ್ಲಿ ನಾಲ್ಕೈದು ಪ್ರಶ್ನೆಗಳ ಪಿಡಿಎಫ್ ಮಾರುವವರಿದ್ದಾರೆ. ದುಡ್ಡು ಕೊಡಬೇಡಿ. ಅದು ಹೆಸರಿಗೆ ತಕ್ಕಂತೆ ಪಾಸಾಗುವುದಕ್ಕೆ ಮಾತ್ರ ಮಾಡಿದ್ದು, ಒಳ್ಳೆ ಗ್ರೇಡ್ ಬೇಕಾದವರಿಗೆ ಅಲ್ಲಿ ಏನೂ ಇಲ್ಲ. ಕಾಲೇಜಿನ ಲೈಬ್ರರಿಯಲ್ಲಿ ನಿಮ್ಮದೇ ಸ್ಕೀಮ್‌ನ ಹಳೆಯ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಅವನ್ನು ಮಾಡ್ಯೂಲ್‌ವಾರು (ಸಿಲಬಸ್‌ನ ಭಾಗವಾರು) ವಿಂಗಡಿಸಿ, ಕನಿಷ್ಠ ಎರಡನ್ನು ಗಡಿಯಾರ ಇಟ್ಟುಕೊಂಡು ಪೂರ್ತಿ ಬರೆಯಿರಿ.

ಹಂತ 6: ಪರೀಕ್ಷೆಯ ಮೂರು ಗಂಟೆ

100 ಅಂಕದ ಪತ್ರಿಕೆಯಲ್ಲಿ ಐದು ಮಾಡ್ಯೂಲ್, ಪ್ರತಿಯೊಂದರಲ್ಲಿ 20 ಅಂಕದ ಎರಡು ಪೂರ್ಣ ಪ್ರಶ್ನೆ, ಒಂದಕ್ಕೆ ಉತ್ತರಿಸಬೇಕು. ಆಯ್ಕೆ ಇರುವುದು ಮಾಡ್ಯೂಲ್‌ನ ಒಳಗೆ ಮಾತ್ರ. ಒಂದು ಮಾಡ್ಯೂಲ್ ಬಿಟ್ಟು ಓದಿದರೆ ಪತ್ರಿಕೆಯಲ್ಲಿ 20, ಅಂತಿಮ ಲೆಕ್ಕದಲ್ಲಿ 10 ಅಂಕ ಹೋಯಿತು. ಮೇಲಿನ ಗ್ರೇಡ್‌ಗಳಲ್ಲಿರುವವರಿಗೆ ಅದೇ ಒಂದು ಗ್ರೇಡ್. ಒಂದು ಪ್ರಶ್ನೆಯ ಎ ಭಾಗ, ಇನ್ನೊಂದರ ಬಿ ಭಾಗ ಎಂದು ಬೆರೆಸುವಂತಿಲ್ಲ. ಆದ್ದರಿಂದ ಮೊದಲ ಹತ್ತು ನಿಮಿಷ ಪತ್ರಿಕೆ ಪೂರ್ತಿ ಓದಿ, ಎಲ್ಲ ಉಪಪ್ರಶ್ನೆಗಳನ್ನೂ ಸೇರಿಸಿ ಹೆಚ್ಚು ಅಂಕ ಬರುವ ಪ್ರಶ್ನೆಯನ್ನು ಗುರುತು ಮಾಡಿ. ಪ್ರಶ್ನೆಯೊಂದಕ್ಕೆ 32 ನಿಮಿಷ. ಉತ್ತರ ಅರ್ಧಕ್ಕೆ ನಿಂತರೆ ಜಾಗ ಬಿಟ್ಟು ಮುಂದೆ ಹೋಗಿ. ಸೂತ್ರ ಮತ್ತು ಸರಿಯಾದ ಹಂತಗಳಿಗೂ ಅಂಕ ಸಿಗುತ್ತದೆ. ಕೊನೆಯ ಹತ್ತು ನಿಮಿಷದಲ್ಲಿ ಪ್ರತಿ ಉತ್ತರದ ಪ್ರಶ್ನೆ ಸಂಖ್ಯೆ, ಉಪಪ್ರಶ್ನೆಯ ಅಕ್ಷರ, ಚಿತ್ರಗಳ ಹೆಸರು, ಉತ್ತರದ ಯೂನಿಟ್, ಈ ನಾಲ್ಕನ್ನು ನೋಡಿ.