ಮಳೆಗಾಲಕ್ಕೊಂದು ಓದಿನ ಲೆಕ್ಕ
ಓದುವ ಬಳಗದಲ್ಲಿ ‘ವರ್ಷಕ್ಕೆ 50 ಪುಸ್ತಕ’ ಎಂದು ಸಾರಬೇಡಿ. ಆಮೇಲೆ ಕೈ ತೆಳ್ಳಗಿನ ಪುಸ್ತಕಕ್ಕೇ ಹೋಗುತ್ತದೆ. ಮೂರು ದಿನ 20 ನಿಮಿಷದಂತೆ ಓದಿ, ಪುಟ ಎಣಿಸಿ. ಸರಾಸರಿ 12 ಬಂದರೆ ಗುರಿ 10 ಇರಲಿ: 300 ಪುಟದ ಕಾದಂಬರಿಗೆ ಒಂದು ತಿಂಗಳು.

ಬಳಗಕ್ಕೆ ಒಂದು ಸಾಲು ಸಾಕು: ‘ಪುಟ 140, ಊಟವಾದ ಮೇಲೆ ಓದಿದ್ದು, ಅಜ್ಜಿಯ ಮಾತು ಸೊಗಸಾಗಿದೆ.’ ಕಥೆಯ ತಿರುವು ಮಾತ್ರ ಬಿಟ್ಟುಕೊಡಬೇಡಿ, ಹಿಂದೆ ಉಳಿದವರು ಪುಸ್ತಕ ಮುಚ್ಚಿಡುತ್ತಾರೆ.

ಶಿರಸಿ ಕಡೆ ಮಳೆ ಹಿಡಿದರೆ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುತ್ತವೆ. ದಿನದ ಲೆಕ್ಕ ಪುಸ್ತಕದೊಳಗಿನ ಚೀಟಿಯಲ್ಲಿರಲಿ. ಭಾನುವಾರ ಒಟ್ಟಿಗೆ ಕಳಿಸಿ. ಚೀಟಿಗೆ ಪೆನ್ಸಿಲ್ಲೇ ವಾಸಿ, ಥಂಡಿಗೆ ಶಾಯಿ ಹರಡುತ್ತದೆ. ಕುಮಟಾ ಬಸ್ಸಿನ ಹೊತ್ತನ್ನು ಲೆಕ್ಕಕ್ಕೆ ಹಿಡಿಯಬೇಡಿ: ದೇವಿಮನೆ ಘಟ್ಟದ ತಿರುವಿನಲ್ಲಿ ಪುಟಕ್ಕಿಂತ ಮೊದಲು ತಲೆ ತಿರುಗುತ್ತದೆ.