ಮಳೆಗಾಲದಲ್ಲಿ ಮನೆ ಬದಲಿಸುವ ಶಾಲಾ ಲೈಬ್ರರಿಯನ್‌ಗಳಿಗೆ

ಜೂನ್‌ನಿಂದ ಸೆಪ್ಟೆಂಬರ್ ನಡುವೆ ಮಡಿಕೇರಿ ಕಡೆ ಮನೆ ಬದಲಿಸುವವರು ಮೊದಲು ಅಕ್ಸೆಷನ್ ನಂಬರ್ (ಲೈಬ್ರರಿ ಪ್ರತಿ ಪುಸ್ತಕಕ್ಕೂ ಕೊಡುವ ದಾಖಲೆ ಸಂಖ್ಯೆ) ನೋಡಿ ಶಾಲೆಯ ಪುಸ್ತಕಗಳನ್ನು ವಾಪಸ್ ಕೊಟ್ಟುಬಿಡಿ. ಸ್ವಂತದ್ದರ ಜೊತೆ ಸೇರಿದರೆ ಸ್ಟಾಕ್ ವೆರಿಫಿಕೇಶನ್ (ಲೈಬ್ರರಿ ಪುಸ್ತಕಗಳನ್ನು ಎಣಿಸಿ ತಾಳೆ ನೋಡುವ) ಹೊತ್ತಿಗೆ ತಲೆನೋವು.

ದೊಡ್ಡ ಪೆಟ್ಟಿಗೆ ಬೇಡವೇ ಬೇಡ. 12–15 ಕೆಜಿ ಹಿಡಿಯುವ ರಟ್ಟಿನ ಡಬ್ಬ ಸಾಕು, ತಳಕ್ಕೆ ಎರಡು ಸುತ್ತು ಟೇಪ್. ದಪ್ಪ ಪುಸ್ತಕ ಮಲಗಿಸಿಯೇ ಇಡಿ. ಬೆನ್ನು ಮೇಲಾಗಿ ನಿಲ್ಲಿಸಿದರೆ ಹಾಳೆಗಳ ಭಾರಕ್ಕೆ ಹೊಲಿಗೆ ಕಿತ್ತುಬರುತ್ತದೆ. ಮುಟ್ಟಿದರೆ ತಣ್ಣಗೆ ತೇವ ಅನಿಸುವುದನ್ನು ಫ್ಯಾನ್ ಕೆಳಗೆ ಬಿಡಿಸಿಟ್ಟು ಒಣಗಿಸಿ ತುಂಬಿ. ಪ್ಲಾಸ್ಟಿಕ್‌ನಲ್ಲಿ ಬಿಗಿದರೆ ಒಳಗಿನ ತೇವವೇ ಬೂಷ್ಟು ಹಿಡಿಸುತ್ತದೆ. ಟಾರ್ಪಾಲು ಗಾಡಿಗೆ ಹೊದಿಸಿ, ಪುಸ್ತಕಕ್ಕಲ್ಲ.

ಹೊಸ ಮನೆಯಲ್ಲಿ ಕಪಾಟು ಹೊರಗೋಡೆಗೆ ತಾಗದಿರಲಿ, ಮೂರು ಇಂಚು ಗಾಳಿಯಾಡಲು ಬಿಡಿ. ಬೂಷ್ಟು ಕಂಡರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ, ಇನ್ನಷ್ಟು ಹರಡುತ್ತದೆ. ಪೂರ್ತಿ ಒಣಗಿದ ಮೇಲೆ ಮಾಸ್ಕ್ ಹಾಕಿಕೊಂಡು ಜಗಲಿಯಲ್ಲಿ ಮೆತ್ತನೆಯ ಬ್ರಷ್‌ನಿಂದ ಉದುರಿಸಿ.