ಹಾಳೆ ನನ್ನದು, ಏಳನೇ ಪ್ರಶ್ನೆ ಖಾನಾಪುರದ್ದು

ಎರಡು ಬಲ್ಬ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಯಾವುದು ಜಾಸ್ತಿ ಬೆಳಗುತ್ತದೆ? ಹತ್ತನೇ ತರಗತಿಯಲ್ಲಿ ವಿದ್ಯುತ್ ಪಾಠ ಶುರು ಮಾಡುವ ದಿನ ನಾನು ಮೊದಲು ಕೇಳುವ ಪ್ರಶ್ನೆ ಇದು. ಬೈಲಹೊಂಗಲ ತಾಲ್ಲೂಕಿನ ನಮ್ಮ ಹಳ್ಳಿ ಶಾಲೆಯಲ್ಲಿ ಪ್ರತಿ ವರ್ಷ ಹೆಚ್ಚಿನ ಕೈಗಳು ಮೊದಲನೇ ಬಲ್ಬಿಗೇ ಏಳುತ್ತವೆ. ಒಬ್ಬ ಹುಡುಗ ಕಾರಣವನ್ನೂ ಹೇಳಿದ್ದ: "ಸರ್, ಮೊದಲನೇದು ಕರೆಂಟ್ ತಿಂತೈತ್ರಿ. ಹಿಂದಿನದಕ್ಕ ಉಳಿದಿದ್ದಷ್ಟ ಸಿಗತೈತ್ರಿ."

ಈ ನಂಬಿಕೆ ತುಂಬಾ ಗಟ್ಟಿ. ಬೋರ್ಡ್ ಮೇಲೆ ಸೂತ್ರ ಬರೆದರೆ ಹೋಗುವುದಿಲ್ಲ. ಮಕ್ಕಳು ಸೂತ್ರ ಬರೆದುಕೊಳ್ಳುತ್ತಾರೆ, ನಂಬಿಕೆಯನ್ನೂ ಇಟ್ಟುಕೊಳ್ಳುತ್ತಾರೆ. ನನಗೆ ಇಲ್ಲಿ ನೆರವಾಗಿದ್ದು ಕಂಪ್ಯೂಟರ್ ಪರದೆಯ ಮೇಲೇ ಪ್ರಯೋಗ ಮಾಡಿ ನೋಡುವ ಫೆಟ್ ಸಿಮ್ಯುಲೇಷನ್‌ಗಳು. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಕಾರ್ಲ್ ವೀಮನ್ ಶುರು ಮಾಡಿದ ಕೆಲಸ ಅದು. ಅವರು ಅದರ ಹಿಂದಿನ ವರ್ಷವಷ್ಟೇ ಭೌತಶಾಸ್ತ್ರದ ನೊಬೆಲ್ ಪಡೆದಿದ್ದರು. ಬಳಸಲು ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೂ ಮರಾಠಿಯಲ್ಲೂ ಹಲವು ಸಿಮ್ಯುಲೇಷನ್‌ಗಳಿವೆ. ಇನ್ನೂ ಒಂದು ದೊಡ್ಡ ಅನುಕೂಲ: ಒಂದೊಂದು ಸಿಮ್ಯುಲೇಷನ್ ಒಂದೇ ಎಚ್‌ಟಿಎಂಎಲ್ ಫೈಲ್. ಒಮ್ಮೆ ಇಳಿಸಿಕೊಂಡು ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ಬ್ರೌಸರ್‌ನಲ್ಲಿ ತೆರೆಯುತ್ತದೆ. ನಮ್ಮ ಊರಿನ ನೆಟ್‌ವರ್ಕ್ ನೋಡಿದವರಿಗೆ ಇದರ ಬೆಲೆ ಗೊತ್ತು.

ಸರ್ಕ್ಯೂಟ್ ಕಟ್ಟುವ ಸಿಮ್ಯುಲೇಷನ್‌ನಲ್ಲಿ ಬ್ಯಾಟರಿ 9 ವೋಲ್ಟ್, ಬಲ್ಬ್ 10 ಓಮ್. ಒಂದೇ ಬಲ್ಬ್ ಹಾಕಿದರೆ ಪ್ರವಾಹ, ಅಂದರೆ ಕರೆಂಟ್, 0.9 ಆಂಪಿಯರ್. ಸರಣಿಯಲ್ಲಿ, ಅಂದರೆ ಅದರ ಹಿಂದೆಯೇ, ಇನ್ನೊಂದು ಸೇರಿಸಿದರೆ 0.45. ಪ್ರವಾಹ ಅಳೆಯುವ ಆಮೀಟರನ್ನು ಮೊದಲ ಬಲ್ಬಿನ ಮುಂದೆ ಇಟ್ಟರೂ 0.45, ಎರಡರ ನಡುವೆ ಇಟ್ಟರೂ ಅಷ್ಟೇ, ಕೊನೆಗೆ ಇಟ್ಟರೂ ಅಷ್ಟೇ. ತಿಂದವರು ಯಾರೂ ಇಲ್ಲ! ಆ ಹುಡುಗ ತಾನೇ ಎದ್ದು ಬಂದು ಆಮೀಟರನ್ನು ಮೂರು ಜಾಗದಲ್ಲಿಟ್ಟು ನೋಡಿದ. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಮೌನ ನನಗೆ ಬಹಳ ಇಷ್ಟ.

ಒಂದು ನಿಯಮ ಮಾತ್ರ ನಾನು ಬಿಡುವುದಿಲ್ಲ. ಮೊದಲು ಊಹೆಯನ್ನು ವಹಿಯಲ್ಲಿ ಬರೆಯಬೇಕು, ಆಮೇಲೇ ಪರದೆ ತೋರಿಸುವುದು. ಊಹಿಸದೆ ನೋಡಿದರೆ ಅದು ಸುಮ್ನೆ ಟಿವಿ ನೋಡಿದ ಹಾಗೆ. ಮರುದಿನ ನಿಜವಾದ ಸೆಲ್, ನಿಜವಾದ ಟಾರ್ಚ್ ಬಲ್ಬ್ ಕೈಗೆ ಕೊಡುತ್ತೇನೆ.

ಇದಕ್ಕಾಗಿ ಆರು ಪ್ರಶ್ನೆಗಳ ಒಂದು ಚಟುವಟಿಕೆ ಹಾಳೆ ಮಾಡಿದ್ದೆ. ಮೊದಲ ಸಲ "ಇದನ್ನು ಒತ್ತಿ, ಅದನ್ನು ಎಳೆಯಿರಿ" ಎಂದು ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೆ. ಮಕ್ಕಳು ಎಲ್ಲವನ್ನೂ ಸರಿಯಾಗಿ ಮಾಡಿದರು, ಯಾರೂ ಯೋಚನೆ ಮಾಡಲಿಲ್ಲ. ಹೆಜ್ಜೆಗಳನ್ನು ತೆಗೆದು ಬರೀ ಪ್ರಶ್ನೆ ಉಳಿಸಿದ ಮೇಲೆ ಹಾಳೆಗೆ ಜೀವ ಬಂತು.

ಹಂಚುವ ಕೆಲಸದಲ್ಲಿ ನಾನು ಹೆಚ್ಚು ಕಲಿತೆ. ಒಂದು ತರಬೇತಿಯಲ್ಲಿ ಖಾನಾಪುರ ಕಡೆಯ ಮರಾಠಿ ಮಾಧ್ಯಮ ಶಾಲೆಯ ವಿಜ್ಞಾನ ಶಿಕ್ಷಕಿಯೊಬ್ಬರು ಹಾಳೆ ಕೇಳಿದರು. ಖುಷಿಯಿಂದ ಪೆನ್‌ಡ್ರೈವ್ ಕೊಟ್ಟೆ. ಅವರ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಹಾಳೆ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ನಾನು ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಆ ಫಾಂಟ್ ಇಲ್ಲದ ಕಡೆ ಅದು ಕನ್ನಡವೇ ಅಲ್ಲ. ಪಿಡಿಎಫ್ ಕಳಿಸಿದೆ. ಈಗ ಓದಬಹುದು, ಆದರೆ ತಿದ್ದುವುದು ಕಷ್ಟ. ಅವರು ಕೇಳಿದರು, "ಸರ್, ನಾನು ಇದನ್ನ ಮರಾಠಿ ಮಾಡಬೇಕು. ತಿದ್ದಾಕ ಬರೂದಿಲ್ಲ ಅಂದ್ರ ಹೆಂಗ ಮಾಡ್ಲಿ?"

ಅಲ್ಲಿಯವರೆಗೆ ಕೊಡುವುದೇ ಹಂಚುವುದು ಅಂದುಕೊಂಡಿದ್ದೆ. ತೆಗೆದುಕೊಂಡವರಿಗೆ ಬದಲಾಯಿಸಲು ಆಗದಿದ್ದರೆ ಅದು ಅರ್ಧ ಹಂಚಿಕೆ ಅಲ್ವಾ?

ಎರಡು ಭಾನುವಾರ ಕೂತು ಎಲ್ಲವನ್ನೂ, ಬೇರೆ ಕಂಪ್ಯೂಟರಿನಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿದೆ. ನುಡಿ ಕೀಲಿಮಣೆಗೆ ಒಗ್ಗಿದ ಬೆರಳಿಗೆ ಹೊಸದೇನೂ ಕಲಿಯಬೇಕಿಲ್ಲ, ಅದೇ ಕೀಲಿಗಳಿಂದ ಯುನಿಕೋಡ್ ಮೂಡುತ್ತದೆ. ಚಿತ್ರಗಳದ್ದು ಇನ್ನೊಂದು ಸಮಸ್ಯೆ. ಕೆಲವನ್ನು ಗೂಗಲ್‌ನಲ್ಲಿ ಹುಡುಕಿ ತೆಗೆದಿದ್ದೆ, ಒಂದು ಪಠ್ಯಪುಸ್ತಕದ ಫೋಟೊ. ತರಗತಿಯಲ್ಲಿ ತೋರಿಸುವುದು ಬೇರೆ, ನನ್ನದೆಂದು ಮುಕ್ತವಾಗಿ ಹಂಚುವುದು ಬೇರೆ. ನನ್ನದಲ್ಲದ್ದನ್ನು ನಾನು ಹೇಗೆ ಕೊಡಲಿ? ಎಲ್ಲ ತೆಗೆದು ಸರ್ಕ್ಯೂಟ್‌ಗಳನ್ನು ಕೈಯಲ್ಲೇ ಬರೆದು ಸ್ಕ್ಯಾನ್ ಮಾಡಿದೆ.

ಹಾಳೆಯ ಕೆಳಗೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಒಂದು ಸಾಲು ಹಾಕಿದೆ, ಯಾವ ಷರತ್ತಿನಲ್ಲಿ ಬಳಸಬಹುದು, ಹಂಚಬಹುದು ಎಂದು ಮೊದಲೇ ಹೇಳಿಬಿಡುವ ಸಾಲು ಅದು. ನಮ್ಮ ಶಿಕ್ಷಕರಿಗೆ ಇದನ್ನು ಹೀಗೆ ಹೇಳುತ್ತೇನೆ: 'ಬಿವೈ' ಅಂದರೆ ಮಾಡಿದವರ ಹೆಸರು ಹೇಳಿ ಬಳಸಿ. 'ಎಸ್‌ಎ' ಅಂದರೆ ನೀವು ತಿದ್ದಿ ಹಂಚುವುದಾದರೆ ಅದನ್ನೂ ಇದೇ ಷರತ್ತಿನಲ್ಲಿ ಹಂಚಿ. 'ಎನ್‌ಸಿ' ಅಂದರೆ ವ್ಯಾಪಾರಕ್ಕೆ ಬೇಡ. 'ಎನ್‌ಡಿ' ಎಂದಿದ್ದರೆ ಮಾತ್ರ ಜೋಪಾನ. ಅದನ್ನು ತಿದ್ದಿ ಹಂಚುವಂತಿಲ್ಲ, ಅನುವಾದ ಮಾಡಿ ಹಂಚುವುದೂ ಅದರಲ್ಲಿ ಬರುತ್ತದೆ. ಮೂರು ಭಾಷೆಯ ಶಾಲೆಗಳಿರುವ ಬೆಳಗಾವಿ ಜಿಲ್ಲೆಗೆ 'ಎನ್‌ಡಿ' ಉಪಯೋಗವಿಲ್ಲ ಎಂದೇ ನನ್ನ ಅಭಿಪ್ರಾಯ. ನಾನು 'ಬಿವೈ-ಎಸ್‌ಎ' ಆರಿಸಿಕೊಂಡೆ.

ಗಣಿತದಲ್ಲೂ ಇದೇ ದಾರಿ ಹಿಡಿದೆ. ಗೆರೆ, ಆಕೃತಿ ಬರೆದು ನೋಡುವ ಜಿಯೋಜೀಬ್ರಾ ತಂತ್ರಾಂಶದಲ್ಲಿ ಸರಳರೇಖೆಯ ಪಾಠಕ್ಕೆ ಕಬ್ಬಿನ ಟ್ರ್ಯಾಕ್ಟರ್ ಲೆಕ್ಕ ಮಾಡಿದೆ: ಹೊರಡುವಾಗಲೇ 500 ರೂಪಾಯಿ, ಆಮೇಲೆ ಕಿಲೋಮೀಟರಿಗೆ 40. ಸ್ಲೈಡರ್ ಎಳೆದು 40ನ್ನು 60 ಮಾಡಿದರೆ ಗೆರೆ ಕಡಿದಾಗುತ್ತದೆ. 500ನ್ನು ಬದಲಿಸಿದರೆ ಗೆರೆ ವಾಲದೆ ಹಾಗೇ ಮೇಲೆ ಕೆಳಗೆ ಸರಿಯುತ್ತದೆ. ಬಾಡಿಗೆ ಜಗಳ ಮನೆಯಲ್ಲೇ ಕೇಳಿರುವ ಮಕ್ಕಳಿಗೆ ಇಳಿಜಾರು ಏನೆಂದು ಬೇರೆ ಹೇಳಬೇಕಾಗಲಿಲ್ಲ. ಖಾನಾಪುರದ ಮೇಡಮ್ ಅದೇ ಫೈಲ್ ತೆಗೆದುಕೊಂಡು ಕಬ್ಬನ್ನು ಭತ್ತ ಮಾಡಿದರು. ಅವರ ಕಡೆ ಗದ್ದೆ ಜಾಸ್ತಿ.

ವಿದ್ಯುತ್ ಹಾಳೆಯನ್ನು ಅವರು ಮರಾಠಿಗೆ ತಂದು ಜುಲೈನಲ್ಲಿ ಬಳಸಿದರು. ಆ ಮಳೆಗಾಲದಲ್ಲಿ ಅಲ್ಲಿ ಕರೆಂಟ್ ನೆಚ್ಚುವಂತಿಲ್ಲ. ಹಾಗಾಗಿ ಬೆಳಿಗ್ಗೆಯೇ ಲ್ಯಾಪ್‌ಟಾಪ್ ಚಾರ್ಜ್ ಮಾಡಿ, ಎಂಟೆಂಟು ಮಕ್ಕಳನ್ನು ಸುತ್ತ ಕೂರಿಸಿ ಪಾಠ ಮಾಡಿದರಂತೆ. ಆಗಸ್ಟ್‌ನಲ್ಲಿ ತಿದ್ದಿದ ಹಾಳೆ ನನಗೆ ವಾಪಸ್ ಬಂತು. ಕೊನೆಯಲ್ಲಿ ಏಳನೇ ಪ್ರಶ್ನೆಯೊಂದಿತ್ತು. ಕೇಳಿದ್ದು ಅವರ ತರಗತಿಯ ಹುಡುಗಿ: ಸಮಾಂತರದಲ್ಲಿ, ಅಂದರೆ ಒಂದೊಂದು ಬಲ್ಬನ್ನೂ ನೇರವಾಗಿ ಸೆಲ್ಲಿಗೆ ಜೋಡಿಸಿದಾಗ, ಎರಡೂ ಬಲ್ಬ್ ಪೂರ್ತಿ ಬೆಳಗುತ್ತವೆ, ಹಾಗಾದರೆ ಸೆಲ್ ಬೇಗ ಮುಗಿಯುವುದಿಲ್ಲವೇ?

ನಾನು ಇಷ್ಟು ವರ್ಷ ಪಾಠ ಮಾಡಿದರೂ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಸಿಮ್ಯುಲೇಷನ್‌ನಲ್ಲಿ ಬ್ಯಾಟರಿ ಮುಗಿಯುವುದೇ ಇಲ್ಲ, ಎಷ್ಟು ಹೊತ್ತು ಬಿಟ್ಟರೂ 9 ವೋಲ್ಟ್. ಆದರೆ ಲೆಕ್ಕ ಅಲ್ಲೇ ಇದೆ: ಸರಣಿಯಲ್ಲಿ ಬ್ಯಾಟರಿ ಕೊಡುವುದು 0.45 ಆಂಪಿಯರ್, ಸಮಾಂತರದಲ್ಲಿ 1.8. ನಾಲ್ಕು ಪಟ್ಟು. ನಮ್ಮ ಮಕ್ಕಳಿಗೆ ಮೊದಲು ಊಹೆ ಬರೆಸಿದೆ. ಆಮೇಲೆ ಒಂದೇ ಥರದ ಹೊಸ ಸೆಲ್‌ಗಳನ್ನು ತಂದು ಎರಡು ಸರ್ಕ್ಯೂಟ್ ಮಾಡಿ ಕಿಟಕಿ ಪಕ್ಕದ ಬೆಂಚಿನ ಮೇಲಿಟ್ಟೆವು. ಪಾಳಿ ಹಾಕಿಕೊಂಡು ಕಾದರು. ಸಮಾಂತರ ಜೋಡಣೆಯ ಬಲ್ಬ್‌ಗಳು ಮೊದಲು ಮಂಕಾದವು. ಪಾಳಿಯಲ್ಲಿದ್ದ ಹುಡುಗ ಸ್ಟಾಫ್ ರೂಮ್ ತನಕ ಓಡಿ ಬಂದ: "ಸರ್, ಖಾನಾಪುರದಾಕಿಗೆ ಫೋನ್ ಮಾಡ್ರಿ!"